ಲಾಭ, ಎರಡು, ಮೂರು

ನಾನು ಶಾಲೆ ಬಿಟ್ಟದ್ದು 1998ರಲ್ಲಿ, ಎಂಟನೇ ತರಗತಿಯ ನಡುವೆ. ಫೇಲಾಗಿ ಬಿಟ್ಟದ್ದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ತರಗತಿಗೇ ಮುಂದಿದ್ದೆ. ಅಪ್ಪ ಶಹಾಪುರದಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ. ಸರಪಳಿ, ತಟ್ಟೆ, ತೂಕದ ಕಲ್ಲು ಹೇರಿಕೊಂಡು ಸಂತೆಯಿಂದ ಸಂತೆಗೆ ಸೈಕಲ್ ಮೇಲೆ ಹೋಗಬೇಕಾದ ಕೆಲಸ. ಅವನ ಬಲ ಮೊಣಕಾಲು ಬಗ್ಗದಂತಾದಾಗ ತುಳಿಯಲು ಒಬ್ಬರು ಬೇಕಾದರು. ನಾನು ತುಳಿದೆ.

ಆಮೇಲೆ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂತು. ನಮ್ಮ ಕಡೆ ಅಂಗಡಿಯ ಸಣ್ಣ ತೂಕದ ಯಂತ್ರದಿಂದ ಹಿಡಿದು ಲಾರಿ ನಿಲ್ಲುವ ಕಬ್ಬಿಣದ ಹಾಸಿನವರೆಗೆ ಎಲ್ಲಕ್ಕೂ ಕಾಟಾ ಎಂದೇ ಹೆಸರು. ಅಪ್ಪನ ಓರಗೆಯವರು ಅಂಗಡಿ ಮುಚ್ಚಿದರು. ನಾನು ಬೆಸುಗೆ ಕಲಿತೆ, ಬೋರ್ಡು ಬಿಚ್ಚಲು ಕಲಿತೆ. ಕೊನೆಗೆ ಉಳಿದದ್ದು ಒಳಗಿನ ಪ್ರೋಗ್ರಾಂ. ಯಾರೋ ಬರೆದು ಮುಚ್ಚಿಟ್ಟ ಡಬ್ಬಿಯನ್ನು ತಂದು ಜೋಡಿಸುವುದು ನನಗೆ ಒಗ್ಗಲಿಲ್ಲ. ತೂಕ ತಪ್ಪಿದರೆ ಜನ ಕೇಳುವುದು ನನ್ನನ್ನು. ಒಳಗೇನು ನಡೆಯುತ್ತದೆಂದು ಗೊತ್ತಿಲ್ಲದ ಯಂತ್ರದ ಪರವಾಗಿ ನಾನೇಕೆ ಉತ್ತರ ಕೊಡಲಿ?

ಹಾಗಾಗಿ ಅದನ್ನೂ ಕಲಿತೆ. ಅರ್ಧ ಫೋನಿನಲ್ಲಿ ನೋಡಿ ಕಲಿತದ್ದು, ಅರ್ಧ ನಾದಿನಿಯಿಂದ. ನನ್ನ ಹೆಂಡತಿಯ ತಂಗಿ ಯಾದಗಿರಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಾಳೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯಿರಿ ಎಂದವಳು ಅವಳೇ. "ಮಾಮಾ, ತಪ್ಪಿದ್ರ ಇದು ಮನ್ಯಾಗೇ ಬೈತದ. ಸಂತ್ಯಾಗ ಮರ್ಯಾದಿ ತೆಗಿಯಂಗಿಲ್ಲ," ಎಂದಿದ್ದಳು. ಬೈಯುವುದು ಕಂಪೈಲರ್. ನಾವು ಬರೆದದ್ದನ್ನು ಯಂತ್ರಕ್ಕೆ ದಾಟಿಸುವ ಮೊದಲು ಸಾಲು ಸಾಲಾಗಿ ತಪಾಸಣೆ ಮಾಡುವ ಪ್ರೋಗ್ರಾಂ ಅದು. ಅದರ ಬೈಗುಳ ನನಗೆ ಹೊಸದೇನೂ ಆಗಿರಲಿಲ್ಲ. ಅಪ್ಪನ ಕೈಕೆಳಗೆ ಪಳಗಿದವನು ನಾನು.

ಮೂರು ಕಡೆ ನನ್ನ ಪ್ರೋಗ್ರಾಂ ಓಡುತ್ತಿತ್ತು. ಶಹಾಪುರದ ಹತ್ತಿ ಮಿಲ್ಲಿನ ಕಾಟಾ, ಸಗರದ ತೊಗರಿ ವ್ಯಾಪಾರಿಯ ಕಾಟಾ, ಸುರಪುರದ ಪಕ್ಕ ರಂಗಂಪೇಟೆಯಲ್ಲಿ ಕುರಿ ಸೇರುವ ಬಯಲಿನ ಕಾಟಾ. ಈ ಮೂರನೆಯದರ ಮೇಲೆ ನನಗೆ ಹೆಚ್ಚು ಪ್ರೀತಿ. ಅಲ್ಲಿ ಕುರಿಯನ್ನು ತೂಗುವ ರೂಢಿಯೇ ಇರಲಿಲ್ಲ. ಬೆನ್ನಿನ ಮೇಲೆ ಕೈಯಿಟ್ಟು, ಎಲುಬಿನ ಪಕ್ಕದ ಮಾಂಸ ಒತ್ತಿ ನೋಡಿ, ಇಷ್ಟು ಎಂದು ಹೇಳುವುದು. ಹೋದ ವರ್ಷ ಅಲ್ಲಿನ ಕುರಿಗಾರರಲ್ಲಿ ಹಿರಿಯನೊಬ್ಬ, ಎಲ್ಲರೂ ಮುತ್ಯಾ ಎಂದು ಕರೆಯುವವನು, ನೋಡೋಣ ಎಂದು ಒಪ್ಪಿದ್ದ. ಕಾಟಾ ಇಟ್ಟ ದಿನ ನಾನು ಶಹಾಪುರದ ಬಜಾರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಮುಂದಿನದು ನಡೆದದ್ದು ಈ ಬೇಸಿಗೆಯಲ್ಲಿ. ಒಂದು ಸಂತೆಯ ದಿನ ಮುತ್ಯಾ ಒಂದೇ ಟಗರನ್ನು ಎರಡು ಸಲ ನಿಲ್ಲಿಸಿದ. ಮೊದಲು ಮೂವತ್ತೆಂಟು ಕಿಲೋ ತೋರಿಸಿತು, ಎರಡನೆಯ ಸಲ ನಲವತ್ತೊಂದು.

"ಏ ಕಾಟಾದವನ, ಇಲ್ಲಿ ಬಾ. ಇಳದು ಹತ್ತೂದ್ರಾಗ ಟಗರು ಮೂರು ಕಿಲೋ ಮೇಯ್ದು ಬಂತೇನು?"

ಸುತ್ತ ನಿಂತವರು ನಕ್ಕರು.

"ಅಲುಗಾಡ್ತದ ಮುತ್ಯಾ, ಅದಕ್ಕ," ಎಂದೆ.

"ಜೀವ ಅದ, ಅಲುಗಾಡ್ದ ಇರ್ತದೇನು? ಹತ್ತಿ ಅಂಡಗಿ ಅಂತ ತಿಳ್ಕೊಂಡಿ ಏನು?"

ಅಂಡಗಿ ಎಂದರೆ ಹತ್ತಿಯ ಮೂಟೆ. ತಿಳಿಯದೆ ಹೇಳಿದರೂ ಅವನು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದ. ಹತ್ತಿ ಮಿಲ್ಲಿನಲ್ಲಿ ಲಾರಿಯ ಎಂಜಿನ್ನಿಗೆ ಕಾಟಾ ನಡುಗುತ್ತಿತ್ತು. ಅದಕ್ಕೆ ಉಪಾಯ ಮಾಡಿದ್ದೆ. ಒಂದರ ಹಿಂದೊಂದು ಬರುವ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಹಿಡಿದರೆ ನಿಂತ ತೂಕ ಸಿಗುತ್ತದೆ. ಆ ಉಪಾಯವನ್ನು ಹತ್ತಿಯ ಪ್ರೋಗ್ರಾಂನಲ್ಲಿ ಬರೆದೆ, ತೊಗರಿಯದರಲ್ಲಿ ಇನ್ನೊಮ್ಮೆ ಬರೆದೆ. ಕುರಿಯದಕ್ಕೆ ಅದು ಇನ್ನೂ ತಲುಪಿರಲಿಲ್ಲ. ಒಂದೇ ಮಾತನ್ನು ಮೂರು ಮನೆಗೆ ಹೋಗಿ ಹೇಳುವವನ ಪಾಡು.

"ಮುಂದಿನ ಸಂತಿ ತನಕ ನೋಡ್ತೀವಿ," ಎಂದ ಮುತ್ಯಾ. "ಆಗ್ಲಿಲ್ಲಂದ್ರ ನಿನ್ನ ಕಾಟಾ ನೀ ಒಯ್ಯಿ. ನಮ್ಮ ಕೈ ನಮಗ ಅದಾವ. ಮತ್ತ ಇನ್ನೊಂದು. ನಿನ್ನ ಡಬ್ಬಿ ಮೊದಲ್ನೇ ಕುರಿಗಿ ಒಂದು ಅಂತ ತೋರಿಸ್ತದ. ನಾವು ಹಂಗ ಎಣಿಸಂಗಿಲ್ಲ."

ಇದು ನನಗೂ ಗೊತ್ತಿದ್ದದ್ದೇ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ನಮ್ಮವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಕುರಿ ಎಣಿಸುವಾಗಲೂ ಹಾಗೆಯೇ. ಒಬ್ಬನ ಹಿಂಡು ಮುಗಿದು ಇನ್ನೊಬ್ಬನದು ಸುರುವಾದರೆ ಮತ್ತೆ ಲಾಭದಿಂದ. ನಾನೂ ಸಂತೆಯಲ್ಲಿ ಹಾಗೆಯೇ ಎಣಿಸುತ್ತೇನೆ. ಯಂತ್ರಕ್ಕೆ ಹೇಳಿಕೊಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಕಾಟಾ ಮರಳಿ ತರುವುದೆಂದರೆ ಲಗೇಜ್ ಆಟೋದಲ್ಲಿ ಹೇರಿ, ಶಹಾಪುರದ ಬಜಾರಿನ ನಡುವೆ, ನನ್ನ ಅಂಗಡಿಯ ಮುಂದೆ ಇಳಿಸಬೇಕು. ಎಂಟನೇ ತರಗತಿ ಓದಿದವನಿಗೆ ಇದೆಲ್ಲ ಯಾಕೆ ಬೇಕಿತ್ತು ಎನ್ನುವವರು ಎದುರಿನ ಚಹಾದಂಗಡಿಯಲ್ಲೇ ಕೂತಿರುತ್ತಾರೆ. ಆ ಆಟೋವನ್ನು ನಾನು ಕರೆಯುವವನಲ್ಲ ಎಂದು ಊರಿಗೆ ಮರಳುವ ಬಸ್ಸಿನಲ್ಲೇ ತೀರ್ಮಾನಿಸಿದೆ.

ಮೂರು ಸಲ ಬರೆಯುವುದನ್ನು ಮೊದಲು ನಿಲ್ಲಿಸಬೇಕಿತ್ತು. ಆದರೆ ಹತ್ತಿಯ ಅಂಕಿ ದಶಮಾಂಶದಲ್ಲಿ ಬರುತ್ತದೆ, ತೊಗರಿಯದು ಪೂರ್ಣ ಗ್ರಾಂನಲ್ಲಿ, ಕುರಿಯದರಲ್ಲಿ ತೂಕದ ಜೊತೆ ಎಷ್ಟನೆಯ ಕುರಿ ಎಂಬುದೂ ಇರುತ್ತದೆ. ರಸ್ಟ್‌ನಲ್ಲಿ ಇವು ಮೂರು ಬೇರೆ ಬೇರೆ ಟೈಪ್‌ಗಳು, ಅಂದರೆ ಮಾಹಿತಿಯ ಬಗೆಗಳು. ಒಂದಕ್ಕೆಂದು ಬರೆದ ಫಂಕ್ಷನ್‌ಗೆ, ಅಂದರೆ ಒಂದು ಕೆಲಸ ಮಾಡಿಕೊಡುವ ಪ್ರೋಗ್ರಾಂನ ತುಣುಕಿಗೆ, ಇನ್ನೊಂದನ್ನು ಕೊಟ್ಟರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಇದಕ್ಕೆ ದಾರಿ ಜೆನರಿಕ್ ಎಂದು ಓದಿದ್ದೆ. ಟೈಪ್‌ನ ಹೆಸರು ಬರೆಯುವ ಜಾಗದಲ್ಲಿ ‘ಟಿ’ ಎಂಬ ಒಂದಕ್ಷರ ಇಡುವುದು. ‘ಟಿ’ ಎಂದರೆ ಯಾವುದೋ ಒಂದು ಟೈಪ್. ಯಾವುದೆಂದು ಫಂಕ್ಷನ್ ಅನ್ನು ಕರೆದಾಗ ಗೊತ್ತಾಗುತ್ತದೆ.

ಮಧ್ಯಾಹ್ನ ಬಿಸಿಲಿಗೆ ಗಿರಾಕಿ ಇಲ್ಲದ ಹೊತ್ತು ಅಂಗಡಿಯಲ್ಲಿ ಕೂತು ಬರೆದೆ. ನಡುವಿನ ತೂಕ ಹುಡುಕುವ ಫಂಕ್ಷನ್‌ನಲ್ಲಿ ದಶಮಾಂಶ ಎಂದಿದ್ದಲ್ಲೆಲ್ಲ ‘ಟಿ’ ಹಾಕಿದೆ. ಕಂಪೈಲರ್ ಒಪ್ಪಲಿಲ್ಲ. ಎರಡು ‘ಟಿ’ಗಳಲ್ಲಿ ಯಾವುದು ದೊಡ್ಡದೆಂದು ಹೋಲಿಸಲು ಬರುವುದಿಲ್ಲ ಎಂದಿತು. ನನಗೆ ಸಿಟ್ಟು ಬಂತು. ತೂಕವನ್ನು ಹೋಲಿಸಲು ಬರುವುದಿಲ್ಲವೆಂದರೆ ಏನರ್ಥ? ಅಪ್ಪನ ಕಾಲದಿಂದ ನಾವು ಬೇರೆ ಏನು ಮಾಡುತ್ತ ಬಂದಿದ್ದೇವೆ? ನಾದಿನಿಗೆ ಫೋನ್ ಹಚ್ಚಿದೆ.

"ಮಾಮಾ, ಅದಕ್ಕ ತೂಕ ಅಂತ ಎಲ್ಲಿ ಹೇಳೀರಿ? ‘ಟಿ’ ಅಂದೀರಿ."

"ಟಿ ಅಂದ್ರ ಯಾವ್ದರೆ ಆಗ್ತದ ಅಂತ ನೀನೇ ಹೇಳಿದ್ದಿ."

"ಹೌದು. ಯಾರರೆ ಬರ್ಲಿ ಅಂತ ಬಾಗ್ಲಾ ತೆರದೀರಿ. ಬಂದವ್ರಿಗೆ ರೊಟ್ಟಿ ಬಡೀರಿ ಅಂದ್ರಿ. ಅವ್ರಿಗೆ ಬರ್ತದೋ ಇಲ್ಲೋ ಕೇಳೀರೇನು?"

"ನಮ್ಮ ಮನಿಗೆ ಬರೋರಿಗೆಲ್ಲ ರೊಟ್ಟಿ ಬಡ್ಯಾಕ ಬರ್ತದ."

"ನಿಮಗ ಬರ್ತದೇನು?"

ಫೋನಿನಲ್ಲಿ ಅವಳ ಹಿಂದೆ ನನ್ನ ಹೆಂಡತಿ ನಗುವುದು ಕೇಳಿಸಿತು. ಅವಳು ತಂಗಿಯ ಮನೆಗೆ ಹೋಗಿದ್ದಳೆಂಬುದು ಆಗ ನೆನಪಾಯಿತು.

ನಾದಿನಿಯ ಮಾತು ಸರಿಯಾಗಿತ್ತು. ‘ಟಿ’ ಎಂದರೆ ಸಾಲದು. ಹೋಲಿಸಲು ಬರುವಂಥ ‘ಟಿ’ ಎಂದು ಬರೆಯಬೇಕು. ಆ ಶರತ್ತನ್ನು ಅದರ ಪಕ್ಕದಲ್ಲೇ ಇಟ್ಟೆ. ಕುರಿಯ ಟೈಪ್‌ಗೆ ಮಾತ್ರ, ಎರಡನ್ನು ತೂಕದಿಂದ ಹೋಲಿಸು, ಎಣಿಕೆಯಿಂದಲ್ಲ ಎಂದು ನಾನೇ ಬರೆದುಕೊಟ್ಟೆ. ಹತ್ತಿ ದಾಟಿತು, ತೊಗರಿ ದಾಟಿತು, ಕುರಿಯೂ ದಾಟಿತು. ಒಂದೇ ಫಂಕ್ಷನ್. ಹಿಂದೆ ಬರೆದ ಎರಡನ್ನೂ ಅಳಿಸಿಹಾಕಿದೆ. ಬಹಳ ದಿನದಿಂದ ಅಂಗಡಿಯಲ್ಲಿ ಕಾಲಿಗೆ ತೊಡರುತ್ತಿದ್ದ ಹಳೆಯ ಕಬ್ಬಿಣ ಗುಜರಿಗೆ ಹೋದಂತಾಯಿತು.

ಇನ್ನು ಲಾಭ. ಇದು ಗಳಿಗೆಯ ಕೆಲಸ ಎಂದುಕೊಂಡೆ. ಅಂಗೈಯಗಲದ ಪರದೆಯ ಮೇಲೆ ಬರಬೇಕಾದ ಎಣಿಕೆಯನ್ನು ಮುತ್ಯಾ ಹೇಳುವ ಹಾಗೆಯೇ ಸಾಲಾಗಿ ಬರೆದೆ. ಮೊದಲು ಲಾಭ ಎಂಬ ಅಕ್ಷರ, ಆಮೇಲೆ 2, 3, 4 ಎಂಬ ಅಂಕಿಗಳು. ಕಂಪೈಲರ್ 2ರ ಕೆಳಗೆ ಗೆರೆ ಎಳೆದು, ಇಲ್ಲಿ ಅಕ್ಷರ ಬರಬೇಕಿತ್ತು, ಅಂಕಿ ಬಂದಿದೆ ಎಂದಿತು.

ಎರಡರಲ್ಲಿ ಏನು ತಪ್ಪು? ಅಳಿಸಿ ಮತ್ತೆ ಬರೆದೆ. ದಶಮಾಂಶ ಹಚ್ಚಿ ನೋಡಿದೆ. ಎರಡನ್ನೇ ತೆಗೆದು ಮೂರನ್ನು ಅಲ್ಲಿಗೆ ತಂದರೆ ಗೆರೆ ಮೂರರ ಕೆಳಗೆ ಬಂತು. ಕೊನೆಗೆ ಎಲ್ಲ ಅಂಕಿಗೂ ಉದ್ಧರಣ ಚಿಹ್ನೆ ತೊಡಿಸಿ ಅಕ್ಷರ ಮಾಡಿದೆ. ಆಗ ಸಾಲು ದಾಟಿತು. ಆದರೆ ಹಿಂಡಿನಲ್ಲಿ ಒಟ್ಟು ಎಷ್ಟು ಎಂದು ಲೆಕ್ಕ ಮಾಡುವ ಜಾಗದಲ್ಲಿ ಹೊಸ ಬೈಗುಳ ಸುರುವಾಯಿತು, ಅಕ್ಷರಕ್ಕೆ ಅಂಕಿಯ ಕೆಲಸ ಹೇಳಬೇಡ ಎಂದು. ಸಂತೆ ಹತ್ತಿರ ಬರುತ್ತಿತ್ತು. ಅಂಗಡಿಯ ಬಾಗಿಲೆಳೆದು ಯಾದಗಿರಿಯ ಬಸ್ಸು ಹತ್ತಿದೆ. ಹೆಂಡತಿಯನ್ನು ಕರೆತರುವುದೂ ಇತ್ತು.

ನಾದಿನಿ ತರಬೇತಿ ಮುಗಿಸಿ ಬರುವವರೆಗೆ ಅವರ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಬಂದವಳು ಚಪ್ಪಲಿ ಬಿಡುವ ಮೊದಲೇ ಪರದೆ ನೋಡಿದಳು.

"ಎರಡರ ಕೂಡ ಯಾಕ ಗುದ್ದಾಡಾಕತ್ತೀರಿ? ಎರಡು ಏನು ಮಾಡ್ಯದ?"

"ಗೆರಿ ಅದರ ಬುಡಕ ಅದ."

"ಇದ್ರ ಇರ್ಲಿ. ಸಾಲಿಗೂ ಒಂದು ‘ಟಿ’ ಇರ್ತದ ಮಾಮಾ. ಮೊದಲು ಯಾರು ಕುಂತಾರ ನೋಡಿ ಅದು ಠರಾವ್ ಮಾಡ್ತದ. ನೀವು ಮೊದಲು ಅಕ್ಷರ ಕುಂದರಿಸೀರಿ. ಅಂದ್ರ ಇದು ಅಕ್ಷರದ ಸಾಲು. ಹಿಂದ ಬಂದ ಎರಡು ಪರದೇಶಿ ಆಯ್ತು."

ಏನು ಬೇಕಾದರೂ ಆಗಬಹುದು ಎಂದರೆ ಎಲ್ಲವೂ ಒಟ್ಟಿಗೆ ಆಗಬಹುದು ಎಂದಲ್ಲ. ಇದು ನನಗೆ ಆಗ ತಲೆಗೆ ಹೋಯಿತು. ಜೋಳದ ಚೀಲಕ್ಕೆ ತೊಗರಿ ತುಂಬಬಹುದು, ಅದೇ ಚೀಲ. ಜೋಳ ಸುರಿದ ಮೇಲೆ ಅದರ ಮೇಲೆ ತೊಗರಿ ಸುರಿದರೆ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ.

"ಹಂಗಂದ್ರ ಲಾಭ ಬಿಡ್ಬೇಕೇನು?" ಎಂದೆ. "ಮುತ್ಯಾ ಕೇಳಂಗಿಲ್ಲ."

"ಆ ಮುತ್ಯಾ ಲಾಭ ಆದಮ್ಯಾಗ ಏನಂತಾನ?"

"ಎರಡು."

"ಲಾಭ ಆದಮ್ಯಾಗ ಒಂದು ಅನ್ನಂಗಿಲ್ಲ?"

"ಹ್ಯಾಂಗಂದಾನು? ಒಂದು ಆಗಿ ಹೋಗ್ಯದಲ್ಲ."

"ಎಲ್ಲಿ ಆಗ್ಯದ?"

ಬೆರಳು ಮಡಿಚಿ ಲಾಭ, ಎರಡು ಎಂದು ಎಣಿಸಿ ನೋಡಿದೆ. ಆಮೇಲೆ ನಾನೇ ಹೇಳಿದೆ, "ಮನಸಿನ್ಯಾಗ ಒಂದೇ ಅದ. ಬಾಯಾಗಷ್ಟೇ ಲಾಭ."

"ಮತ್ತ ಮಷೀನಿಗೂ ಅಷ್ಟೇ ಹೇಳ್ರಿ. ಚಹಾ ಕುಡೀತೀರಿಲ್ಲೋ?"

ಚಹಾ ಆರಿತು. ಸಾಲಿನಲ್ಲಿ ಲಾಭ ತೆಗೆದು 1 ಇಟ್ಟೆ. ಎಲ್ಲವೂ ಅಂಕಿ. ಫಂಕ್ಷನ್‌ನ ‘ಟಿ’ಗೆ ಇನ್ನೊಂದು ಶರತ್ತು ಸೇರಿಸಿದೆ. ಹೋಲಿಸಲು ಬರಬೇಕು, ತನ್ನನ್ನು ಪರದೆಯ ಮೇಲೆ ತೋರಿಸಿಕೊಳ್ಳಲೂ ಬರಬೇಕು. ಹೇಗೆ ತೋರಿಸಿಕೊಳ್ಳುವುದು ಎಂಬುದು ಆಯಾ ಟೈಪ್‌ಗೆ ಬಿಟ್ಟದ್ದು. ಹತ್ತಿ ಕ್ವಿಂಟಲ್‌ನಲ್ಲಿ ತೋರಿಸಿಕೊಳ್ಳಲಿ. ತೊಗರಿ ಕಿಲೋದಲ್ಲಿ. ಕುರಿ ಮಾತ್ರ, ಎಣಿಕೆ 1 ಇದ್ದರೆ ಲಾಭ ಎಂದು ಬರೆಯಲಿ. ಪರದೆಗೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಚುಕ್ಕಿ ಚುಕ್ಕಿ ಇಟ್ಟು ಆ ಎರಡಕ್ಷರವನ್ನು ಚಿತ್ರದಂತೆ ನಾನೇ ಬಿಡಿಸಿದೆ. ಭ ಅಕ್ಷರದ ಹೊಟ್ಟೆ ಸೀಳಿದ ಗೆರೆ ಸ್ವಲ್ಪ ಡೊಂಕಾಗಿದೆ, ಈಗಲೂ ಹಾಗೆಯೇ ಇದೆ. ಕಂಪೈಲ್ ಮಾಡಿದೆ. ಬೈಗುಳ ಬರಲಿಲ್ಲ.

ಹೆಂಡತಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನನ್ನ ಕರ್ಯಾಕ ಬಂದೀರೋ, ಕುರಿ ಕಾಯಾಕ ಬಂದೀರೋ?" ಎಂದಳು. ಭೀಮಾ ನದಿಯ ಸೇತುವೆ ದಾಟುವಾಗ ಅವಳಿಗೆ ಇದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡು, "ಲಾಭ ಅಂದ್ರ ಒಂದು ಅಂತ ನನಗ ಕೇಳಿದ್ರ ನಾನೇ ಹೇಳ್ತಿದ್ದೆ," ಎಂದಳು. ಅದೂ ಖರೆಯೇ.

ಸಂತೆಯ ದಿನ ಬೆಳಿಗ್ಗೆ ರಂಗಂಪೇಟೆಗೆ ಹೋಗಿ ಹೊಸ ಪ್ರೋಗ್ರಾಂ ಹಾಕಿದೆ. ಮುತ್ಯಾ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಬಂದ. ಹಿಂಡಿನಲ್ಲಿ ಎಲ್ಲಕ್ಕಿಂತ ತುಂಟ ಟಗರನ್ನೇ ಆರಿಸಿ, ಅದರ ಬೆನ್ನಿಗೆ ಕೈ ಒತ್ತಿ, "ನಲವತ್ತು," ಎಂದು ಕಾಟಾದ ಮೇಲೆ ದೂಡಿದ. ಅದು ಒದೆಯಿತು, ತಿರುಗಿತು, ಕೊಂಬಿನಿಂದ ಕಂಬಿ ಗುದ್ದಿತು. ಅಂಕಿಗಳು ಮೇಲೆ ಕೆಳಗೆ ಹಾರಿದವು. ಆಮೇಲೆ ಪರದೆ ನಿಂತಿತು. ಮೇಲಿನ ಸಾಲಿನಲ್ಲಿ ಲಾಭ. ಕೆಳಗೆ ಮೂವತ್ತೊಂಬತ್ತು ಕಿಲೋ ಎಂಟುನೂರು ಗ್ರಾಂ.

ಇಳಿಸಿ ಮತ್ತೆ ಹತ್ತಿಸಿದ. ಅದೇ ಟಗರಾದ್ದರಿಂದ ನಾನು ಎಣಿಕೆ ಮುಂದೂಡುವ ಗುಂಡಿ ಮುಟ್ಟಲಿಲ್ಲ. ಮತ್ತೆ ಲಾಭ, ಮತ್ತೆ ಅದೇ ತೂಕ. ಮೂರನೆಯ ಸಲ ಹತ್ತಿಸಲು ಹೋದಾಗ ಟಗರೇ ಒಪ್ಪಲಿಲ್ಲ.

"ಎರಡುನೂರು ಗ್ರಾಂ ಕಮ್ಮಿ ಹೇಳ್ತದ ನಿನ್ನ ಮಷೀನು," ಎಂದ ಮುತ್ಯಾ.

"ನಿನ್ನ ಕೈ ಎರಡುನೂರು ಗ್ರಾಂ ಜಾಸ್ತಿ ಹೇಳ್ತದ ಮುತ್ಯಾ."

ಜನ ಅವನ ಮುಖ ನೋಡಿದರು. ಅವನು ಪರದೆಗೆ ಇನ್ನಷ್ಟು ಬಗ್ಗಿ ಆ ಡೊಂಕು ಅಕ್ಷರವನ್ನು ಬೆರಳಿನಿಂದ ಒರೆಸಿದ, ಧೂಳೆಂದು ತಿಳಿದಿರಬೇಕು.

"ಒಯ್ಬ್ಯಾಡ. ಇಲ್ಲೇ ಇರ್ಲಿ," ಎಂದ. ಆಮೇಲೆ ತನ್ನವರಿಗೆ, "ಎರಡನೇದ್ದು ಕಾಟಾದ ಮ್ಯಾಗ ಬಿಡ್ರಿ," ಎಂದ.

ಸಗರದ ವ್ಯಾಪಾರಿ ಇದನ್ನು ಯಾರಿಂದಲೋ ಕೇಳಿ, ತೊಗರಿಗೂ ಲಾಭ ಬೇಕೆಂದು ಫೋನ್ ಮಾಡಿದ. ತೊಗರಿಯ ಟೈಪ್‌ಗೂ ಎಷ್ಟನೆಯ ಚೀಲ ಎಂಬುದನ್ನು ಸೇರಿಸಿ, ತೋರಿಸಿಕೊಳ್ಳುವ ರೀತಿಯನ್ನಷ್ಟೇ ತಿದ್ದಿದೆ. ಫಂಕ್ಷನ್ ಮುಟ್ಟಲಿಲ್ಲ. ಹತ್ತಿ ಮಿಲ್ಲಿನವರು ಕೇಳಿಲ್ಲ. ಅವರ ಪರದೆ ಈಗಲೂ ಎಣಿಕೆಯಿಲ್ಲದೆ ತೂಕವನ್ನಷ್ಟೇ ತೋರಿಸುತ್ತದೆ.

ಈಗ ನನ್ನ ಬಳಿ ಇರುವುದು ಇಷ್ಟು: ಶಹಾಪುರದಲ್ಲಿ ಒಂದು ಅಂಗಡಿ, ಅಪ್ಪನ ಕಾಲದ ಒಂದು ತಕ್ಕಡಿ, ಒಂದು ಲ್ಯಾಪ್‌ಟಾಪ್. ನಾನು ಬರೆದ ಒಂದು ಫಂಕ್ಷನ್, ಅದರೊಳಗೆ ಹೋಗಿಬರುವ ಮೂರು ಟೈಪ್. ಅವು ಓಡುತ್ತಿರುವ ಮೂರು ಕಾಟಾ, ರಂಗಂಪೇಟೆಯದೂ ಸೇರಿ.