ಶಿಲುಬೆಯ ಹೊತ್ತು: ಒಂಬತ್ತೋ ಹನ್ನೆರಡೋ

ಯೇಸುವನ್ನು ಶಿಲುಬೆಗೆ ಜಡಿದದ್ದು ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ, ಮಧ್ಯಾಹ್ನ ಹನ್ನೆರಡು ಆಗುವ ಮೊದಲು. ಸರಿಯಾಗಿ ಎಷ್ಟು ಗಂಟೆ ಎಂದು ಅಲ್ಲಿ ನಿಂತವರಿಗೂ ಗೊತ್ತಿರಲಿಲ್ಲ. ನಡೆದದ್ದು ಇಷ್ಟೇ. ಇದನ್ನು ಹೇಳಲು ನೀನು ಯಾರು ಎಂದರೆ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರದ ಕೆಳಗೆ ಬೆರಳಿಟ್ಟು ಓದುವವಳು. ಆದರೆ ಈ ಒಂದು ಪ್ರಶ್ನೆಯನ್ನು ಹಿಡಿದು ಬಿಡದೆ ಕೂತವಳು ನಾನೇ, ಓದಿದವರಲ್ಲ.

ನಮ್ಮ ಮನೆ ಕೋಟೇಶ್ವರದ ಹತ್ತಿರ. ಮೊಮ್ಮಗಳು ಕುಂದಾಪುರದಲ್ಲಿ ಕಾಲೇಜು ಓದುತ್ತಾಳೆ. ಅವಳ ಸ್ವರ ಗಟ್ಟಿ, ಉಚ್ಚಾರ ಸ್ಪಷ್ಟ. ಆ ವರ್ಷ ಇಗರ್ಜಿಯಲ್ಲಿ ಯೇಸುವಿನ ಪಾಡಿನ ಕಥೆಯನ್ನು ಕನ್ನಡದಲ್ಲಿ ಓದುವುದೆಂದು ಆಯಿತು. ಓದಲು ಪಾದ್ರಿಗಳು ಅವಳಿಗೆ ಹೇಳಿದರು. ಆ ಕಥೆ ಬರೆದ ನಾಲ್ವರಲ್ಲಿ ಗರಿಗಳ ಭಾನುವಾರ ಮಾರ್ಕ ಬರೆದದ್ದು, ಅದೇ ವಾರದ ಶುಭ ಶುಕ್ರವಾರ ಯೊವಾನ್ನ ಬರೆದದ್ದು. ಭಾನುವಾರದ್ದನ್ನು ಚೆನ್ನಾಗಿಯೇ ಓದಿದಳು. ಮಂಗಳವಾರ ಸಂಜೆ ಜಗಲಿಯಲ್ಲಿ ಕೂತು ಶುಕ್ರವಾರದ್ದನ್ನು ಅಭ್ಯಾಸ ಮಾಡುತ್ತಿದ್ದವಳು ನಡುವೆ ನಿಂತುಬಿಟ್ಟಳು.

ಮನೆಯಲ್ಲಿ ನಾವು ಆಡುವುದು ಕೊಂಕಣಿ. ಜಗಳಕ್ಕೆ ನಿಂತರೆ ಮಾತ್ರ ಇಬ್ಬರೂ ಕುಂದಾಪ್ರ ಕನ್ನಡಕ್ಕೆ ಇಳಿಯುತ್ತೇವೆ.

“ಹ್ವಾಯ್ ಅಜ್ಜಿ, ಇಲ್ಲ್ ಕಾಣಿ. ಮೊನ್ನೆ ನಾನ್ ಓದಿದ್ದ್ ಎಂತ? ಒಂಬತ್ತ್ ಗಂಟಿಗೆ ಶಿಲುಬಿಗೆ ಹಾಕ್ರ್ ಅಂತ. ಇಲ್ಲ್ ಕಂಡ್ರೆ ಮಧ್ಯಾಹ್ನ ಆದ್ರೂ ವಿಚಾರಣಿಯೇ ಮುಗಿಲಿಲ್ಲ.”

“ಒಂದೆರಡ್ ಗಂಟಿ ಹೆಚ್ಚುಕಮ್ಮಿ. ಅದಕ್ಕೆಂತ?”

“ಹೆಚ್ಚುಕಮ್ಮಿ ಅಲ್ಲ. ಶಿಲುಬಿಗೆ ಹಾಕಿ ಮೂರ್ ಗಂಟಿ ಆದ್ ಮೇಲೆ ವಿಚಾರಣಿ ಮಾಡುಕಾತ್ತಾ? ಒಂದೇ ಬಾಯಲ್ ಎರಡ್ ಹೇಳುಕೆ ನಂಗ್ ಆತಿಲ್ಲೆ. ಗುರುವಾರ ಸಂಜಿಗೆ ಫಾದರ್ ಹತ್ರ ಹೇಳ್ತೆ. ಬೇರೆಯವ್ರ್ ಓದ್ಲಿ.”

“ಗುರುವಾರದ ತನಕ ಬಾಯ್ ಮುಚ್ಕಂಡಿರ್. ನಾನ್ ವಿಚಾರ್ಸ್ತೆ.”

“ಯಾರತ್ರ ವಿಚಾರ್ಸುದ್? ತೀರ್ಪ್ ಕೊಟ್ಟ ಪಿಲಾತನತ್ರವಾ?”

ಅವಳು ಬಿಟ್ಟರೆ ಓದಲು ಬೇರೆ ಹತ್ತು ಜನ ಇದ್ದಾರೆ. ಇಗರ್ಜಿಗೆ ಏನೂ ಆಗುವುದಿಲ್ಲ. ಆಗುವುದಿದ್ದರೆ ಅವಳಿಗೆ. ಅವಳ ಅಪ್ಪ, ಅಂದರೆ ನನ್ನ ಮಗ, ಹೀಗೆಯೇ ಯಾವುದೋ ಒಂದು ಮಾತಿಗೆ ಸಿಟ್ಟಾಗಿ ಇಗರ್ಜಿಯಿಂದ ಹೊರಗೆ ನಡೆದವನು ಇನ್ನೂ ಒಳಗೆ ಬಂದಿಲ್ಲ. ಆಗ ನಾನು ತಾನಾಗಿ ಸರಿಹೋಗುತ್ತದೆ ಎಂದು ಸುಮ್ಮನೆ ಕೂತಿದ್ದೆ. ಇವಳ ವಿಷಯದಲ್ಲಿ ಸುಮ್ಮನೆ ಕೂರುವುದಿಲ್ಲ ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ಬುಧವಾರ ಬೆಳಿಗ್ಗೆ ಭಾನುವಾರದ ಪಾಠ ಹೇಳಿಕೊಡುವ ಮಾಸ್ಟರ ಮನೆಗೆ ಹೋದೆ. ನಿವೃತ್ತಿಯಾದವರು, ಮನೆ ತುಂಬ ಪುಸ್ತಕ. ಅವರು ಕಾಗದ ತೆಗೆದು ಗೆರೆ ಎಳೆದು ಹೇಳಿದರು. ಯೆಹೂದ್ಯರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ನಾವು ಗುರುವಾರ ಎನ್ನುವ ಕಡೆಯ ಊಟ, ಶುಕ್ರವಾರ ಎನ್ನುವ ಮರಣ, ಎರಡೂ ಅವರಿಗೆ ಒಂದೇ ದಿನ. ಗಂಟೆಗಳನ್ನು ಮಾತ್ರ ಅವರು ಬೆಳಗಿನಿಂದ ಎಣಿಸುತ್ತಾರೆ. ಮೂರನೇ ಗಂಟೆ ಎಂದರೆ ನಮ್ಮ ಒಂಬತ್ತು, ಆರನೇ ಗಂಟೆ ಎಂದರೆ ನಮ್ಮ ಹನ್ನೆರಡು. ಆಗ ಅಲ್ಲಿ ಆಳುತ್ತಿದ್ದ ರೋಮಿನವರ ಸರಕಾರಿ ದಿನ ನಮ್ಮದರ ಹಾಗೆ ನಡುರಾತ್ರಿಯಿಂದ. ಮೂಲದಲ್ಲಿ ಯೊವಾನ್ನ ಬರೆದಿರುವುದು ಸುಮಾರು ಆರನೇ ಗಂಟೆ ಎಂದು ಮಾತ್ರ. ಅದನ್ನು ಮಧ್ಯಾಹ್ನ ಮಾಡಿದ್ದು ಕನ್ನಡಕ್ಕೆ ತಂದವರು. ಅವನು ರೋಮಿನ ಲೆಕ್ಕ ಹಿಡಿದಿದ್ದರೆ ಅದು ಬೆಳಿಗ್ಗೆ ಆರು ಗಂಟೆ. ಆರಕ್ಕೆ ತೀರ್ಪು, ಒಂಬತ್ತಕ್ಕೆ ಶಿಲುಬೆ.

ನನಗೆ ಅದು ಕಷ್ಟವಾಗಲಿಲ್ಲ. ಗಂಡ ಸತ್ತ ಮೇಲೆ ಕೆಲವು ವರ್ಷ ನಾನು ಮೀನು ಒಣಗಿಸಿ ಮಾರಿದ್ದೇನೆ. ಗಂಗೊಳ್ಳಿಯ ಬಂದರಿಗೆ ನನ್ನ ಜೊತೆ ಬರುತ್ತಿದ್ದ ಪಕ್ಕದ ಮನೆಯವಳು ಸೋಮವಾರ ಮೀನು ಮುಟ್ಟಿದರೂ ತಿನ್ನುವವಳಲ್ಲ. ಒಂದು ಮಂಗಳವಾರ ಬೆಳಕು ಹರಿಯುವ ಮೊದಲು ದೋಣಿ ಕಾಯುತ್ತ ಕೂತಿದ್ದಾಗ ಹಸಿದಿದ್ದಾಳೆಂದು ಹುರಿದ ಬಂಗುಡೆ ತಂದು ಅವಳ ಮುಂದಿಟ್ಟೆ. ಎಲೆಯನ್ನು ಹಾಗೆಯೇ ನನ್ನ ಕಡೆ ನೂಕಿದಳು. “ಸೂರ್ಯ ಬರ್ಲಿ ಬಾಯಮ್ಮ, ಸೋಮವಾರ ಮುಗಿಲಿಲ್ಲ” ಎಂದಳು. ನನಗೆ ನಡುರಾತ್ರಿಗೇ ಮುಗಿದ ದಿನ ಅವಳಿಗೆ ಇನ್ನೂ ಉಳಿದಿತ್ತು. ಒಂದೇ ಬೆಂಚಿನ ಮೇಲೆ ಒಬ್ಬಳು ಸೋಮವಾರದಲ್ಲಿ, ಒಬ್ಬಳು ಮಂಗಳವಾರದಲ್ಲಿ ಕೂತಿದ್ದೆವು. ಯೆಹೂದ್ಯರು, ರೋಮಿನವರು ಹಾಗೆ ಇದ್ದರೆ ಏನು ಆಶ್ಚರ್ಯ.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ. ಅವಳು ಎರಡು ಸಲ ಕೇಳಿ, “ಹಾಂಗಾರೆ ಸರಿ ಆತ್ತ್” ಎಂದಳು. ಪುಸ್ತಕ ಮತ್ತೆ ತೆರೆದಳು. ಅಲ್ಲಿಗೆ ಮುಗಿಯಬೇಕಿತ್ತು.

ನಾನು ಮುಗಿಸಲಿಲ್ಲ. ಯೊವಾನ್ನ ಬೇರೆಲ್ಲಿ ಗಂಟೆ ಹೇಳಿದ್ದಾನೆ ನೋಡೋಣ ಎಂದು ಮಧ್ಯಾಹ್ನ ಅವನ ಪುಸ್ತಕವನ್ನು ಮೊದಲಿನಿಂದ ಓದಲು ಕೂತೆ. ನಾಲ್ಕನೇ ಅಧ್ಯಾಯಕ್ಕೆ ಬರುವಾಗ ಬಿಸಿಲು ಇಳಿದಿತ್ತು. ಅಲ್ಲಿ ಯೇಸು ದಾರಿ ನಡೆದು ದಣಿದು ಬಾವಿಯ ಹತ್ತಿರ ಕೂರುತ್ತಾನೆ. ಸಮಾರಿಯದ ಹೆಂಗಸೊಬ್ಬಳು ನೀರಿಗೆ ಬರುತ್ತಾಳೆ, ಒಬ್ಬಳೇ. ಹೊತ್ತು ಮಧ್ಯಾಹ್ನ. ಮಾಸ್ಟರಿಗೆ ಫೋನ್ ಮಾಡಿದೆ. ಮೂಲದಲ್ಲಿ ಅಲ್ಲಿ ಎಷ್ಟನೇ ಗಂಟೆ ಎಂದು ಕೇಳಿದೆ. ಅಲ್ಲಿಯೂ ಆರನೆಯದೇ, ಬೇಕಾದರೆ ಅದನ್ನೂ ರೋಮಿನ ಲೆಕ್ಕ ಎನ್ನಬಹುದು ಎಂದರು.

ಎನ್ನಲಿಕ್ಕೆ ಆಗುವುದಿಲ್ಲ ಎಂದು ನಾನು ಹೇಳಿದೆ. ಹನ್ನೊಂದು ಮನೆಗೆ ಒಂದೇ ಬಾವಿ ಇದ್ದ ಕಡೆ ನಾನು ಬೆಳೆದವಳು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬಾವಿಕಟ್ಟೆಯಲ್ಲಿ ಕೊಡ ಇಡಲು ಜಾಗ ಇರುವುದಿಲ್ಲ. ಹೆಂಗಸೊಬ್ಬಳು ಒಬ್ಬಳೇ ಸಿಗಬೇಕಾದರೆ, ಅದೂ ಐದು ಗಂಡಂದಿರನ್ನು ಕಂಡು ಊರಿನವರ ಬಾಯಿಗೆ ಹೆದರಿದ ಹೆಂಗಸು, ಅದು ನೆತ್ತಿ ಸುಡುವ ಹೊತ್ತೇ ಆಗಬೇಕು. ಹಾಗಾದರೆ ಯೊವಾನ್ನ ಎಣಿಸಿದ್ದು ಬೆಳಗಿನಿಂದಲೇ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಲೆಕ್ಕ ಹಿಡಿದ ಎಂದು ನಮ್ಮ ಅನುಕೂಲಕ್ಕೆ ಹೇಳುವುದು ಸರಿಯಲ್ಲ. ಬಾವಿಯ ವಿಷಯ ತಾವು ಯೋಚಿಸಿರಲಿಲ್ಲ ಎಂದು ಮಾಸ್ಟರು ಒಪ್ಪಿಕೊಂಡರು.

ಸುಮ್ಮನಿದ್ದಿದ್ದರೆ ಶುಕ್ರವಾರ ಅವಳು ಓದುತ್ತಿದ್ದಳು. ಆದರೆ ನಾನು ಕೊಟ್ಟ ಕಾರಣ ಸುಳ್ಳೆಂದು ಮುಂದೆ ಅವಳಿಗೆ ಬೇರೆಯವರಿಂದ ಗೊತ್ತಾದರೆ ಪುಸ್ತಕದ ಜೊತೆ ನನ್ನನ್ನೂ ಬಿಡುತ್ತಾಳೆ. ಹೇಳಿಬಿಟ್ಟೆ.

“ನೀವ್ ಬಾಯ್ ಮುಚ್ಕಂಡಿದ್ರೆ ಆತಿತ್ತಲ್ಲ ಅಜ್ಜಿ” ಎಂದಳು.

“ಆತಿತ್ತ್. ನಂಗ್ ಆತಿಲ್ಲೆ.”

“ಹಾಂಗಾರೆ ಇಬ್ರಲ್ಲಿ ಒಬ್ಬ ಸುಳ್ಳ್ ಹೇಳಿದ್ದ.”

“ನಿನ್ನಜ್ಜ ಮರದಿಂದ ಬಿದ್ದದ್ದ್ ಎಷ್ಟ್ ಗಂಟಿಗೆ?”

“ಒಂಬತ್ತೂವರಿ. ನೀವೇ ಹೇಳಿದ್ದಲ್ದಾ.”

“ನಿನ್ನ ಅತ್ತೆಜ್ಜಿ ಎಂತ ಹೇಳ್ತ್ಳ್ ಗೊತ್ತಿತ್ತಾ?”

ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಅವಳನ್ನು ಹತ್ತಿಸಿಕೊಂಡು ಬ್ರಹ್ಮಾವರಕ್ಕೆ ಹೋದೆ.

ಅತ್ತೆಜ್ಜಿ ಎಂದರೆ ನನ್ನ ಗಂಡನ ತಂಗಿ. ಅಣ್ಣ ತೆಂಗಿನ ಮರದಿಂದ ಬಿದ್ದ ದಿನ ಅವಳಿಗಿನ್ನೂ ಮದುವೆಯಾಗಿರಲಿಲ್ಲ, ನಮ್ಮಲ್ಲೇ ಇದ್ದಳು. ಅಂಗಳದಲ್ಲಿ ನಾವಿಬ್ಬರೇ ಇದ್ದದ್ದು. ಅಂದಿನಿಂದ ಇಂದಿನವರೆಗೆ ಆ ಹೊತ್ತಿನ ವಿಷಯದಲ್ಲಿ ನಮಗೆ ಒಮ್ಮತ ಇಲ್ಲ. ಕಾಫಿ ಕೊಟ್ಟ ಕೂಡಲೇ ಮೊಮ್ಮಗಳ ಎದುರು ಕೇಳಿದೆ.

“ಮಧ್ಯಾಹ್ನ” ಎಂದಳು. “ಹನ್ನೆರಡು. ಮರದ ತಲೆ ಕಾಂಬುಕೆ ಮುಖ ಎತ್ತಿದ್ರೆ ಕಣ್ಣಿಗೆ ಬಿಸ್ಲ್ ಹೊಡೀತಿತ್ತ್.”

“ಹತ್ತ್ ಗಂಟಿ ಗಂಜಿ ಉಂಡಾಯಿಲ್ಲ. ಪಾತ್ರಿ ತುಂಬ ಇದ್ದಿತ್ತ್” ಎಂದೆ.

“ಆವತ್ತ್ ನಿನ್ನ ಗಂಜಿ ತಡ ಆಯಿತ್ತ್.”

“ನನ್ನ ಗಂಜಿ ಒಂದ್ ದಿನವೂ ತಡ ಆದ್ದಿಲ್ಲೆ.”

“ಹೌದೌದ್, ನಾವ್ ಉಂಡದ್ದ್ ನಮ್ಗೆ ಗೊತ್ತಿತ್ತ್ ಮಾರಾಯ್ತಿ.”

ಪೊಲೀಸಿನವರು ಕಾಗದದಲ್ಲಿ ಹತ್ತೂ ಐವತ್ತು ಎಂದು ಬರೆದಿದ್ದಾರೆ. ಅದು ಅವಳದೂ ಅಲ್ಲ, ನನ್ನದೂ ಅಲ್ಲ. ಇಬ್ಬರ ಮಾತನ್ನು ಕೂಡಿಸಿ ನಡುವೆ ಎಲ್ಲೋ ಹಾಕಿದ್ದು.

ಮೊಮ್ಮಗಳು ನಗಲಿಲ್ಲ. ಅತ್ತೆಜ್ಜಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹೊತ್ತು ಬಿಟ್ಟು ಉಳಿದದ್ದನ್ನು ಕೇಳಿದಳು. ಯಾವ ಮರ, ಹೇಗೆ ಬಿದ್ದರು, ಏನು ಹೇಳಿದರು. ಆಮೇಲೆ ಬಂದು ನನ್ನನ್ನು ಒಬ್ಬಳೇ ಕೂರಿಸಿ ಅದನ್ನೇ ಕೇಳಿದಳು. ಕೋರ್ಟಿನವರ ಹಾಗೆ. ನಾನು ಹೇಳಿದೆ: ಪಶ್ಚಿಮದ ಬೇಲಿ ಬದಿಯ ಮರ, ಎಡ ಮಗ್ಗುಲಿಗೆ ಬಿದ್ದದ್ದು, ಬೆವರು ಒರೆಸಲು ಹೆಗಲ ಮೇಲಿದ್ದ ಬೈರಾಸು ಗರಿಯಲ್ಲಿಯೇ ಸಿಕ್ಕಿಕೊಂಡು ನೇತಾಡಿದ್ದು, ನೀರು ಕೇಳಿದ್ದು, ತರುವಷ್ಟರಲ್ಲಿ ಮುಗಿದದ್ದು. ಅವಳು ಕೇಳುತ್ತ ಕೇಳುತ್ತ ತಲೆ ತಗ್ಗಿಸಿದಳು. ಅತ್ತೆಜ್ಜಿಯೂ ಬೈರಾಸನ್ನೂ ಬಿಡದೆ ಅದನ್ನೇ ಹೇಳಿದ್ದಾಳೆ ಎಂದು ಆಮೇಲೆ ತಿಳಿಯಿತು.

ವಾಪಸ್ ಬಸ್ಸು ಸಾಲಿಗ್ರಾಮ ದಾಟಿತು. ಆಗ ಮೊಮ್ಮಗಳು ಕೊಂಕಣಿಯಲ್ಲಿ ಹೇಳಿದಳು, ಗಂಟೆ ಈಗಲೂ ಸರಿಹೊಂದಲಿಲ್ಲ ಎಂದು.

ಹೊಂದಲಿಲ್ಲ, ಹೊಂದಿಸಲೂ ಬೇಡ ಎಂದೆ. ಮಾರ್ಕ ಒಂಬತ್ತು ಎಂದರೆ ಒಂಬತ್ತು ಎಂದು ಓದು. ಯೊವಾನ್ನ ಹನ್ನೆರಡರ ಹತ್ತಿರ ಎಂದರೆ ಹಾಗೆಯೇ ಓದು. ಅವರು ಬರೆದದ್ದಕ್ಕೆ ಅವರು ಜವಾಬು ಕೊಡುತ್ತಾರೆ. ನೀನು ತಿದ್ದಿ ಓದಿದರೆ ನೀನು ಕೊಡಬೇಕು.

ಸಂಜೆ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ಪೂಜೆಗೆ ಇಬ್ಬರೂ ಹೋದೆವು. ಪೂಜೆ ಮುಗಿದ ಮೇಲೆ ಪಾದ್ರಿಗಳು ಅವಳ ಹತ್ತಿರ ಬಂದು ನಾಳೆಗೆ ತಯಾರಿದ್ದೀಯಾ ಎಂದು ಕೇಳಿದರು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ, ಮೆಟ್ಟುವುದನ್ನು ನಿಲ್ಲಿಸಿದೆ. ಅವಳು, ಒಂದು ಸಾಲು ಮಾತ್ರ ಇನ್ನೂ ಬಾಯಿಗೆ ಬರುತ್ತಿಲ್ಲ ಫಾದರ್, ನೋಡುತ್ತೇನೆ ಎಂದಳು. ಯಾವ ಸಾಲು ಎಂದು ಅವರು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಅವಳನ್ನು ಎಬ್ಬಿಸಿದೆ. ಉಪವಾಸದ ದಿನ, ಒಲೆ ಹಚ್ಚುವ ಕೆಲಸ ಇರಲಿಲ್ಲ. ಪುಸ್ತಕ ಕೊಟ್ಟು ಜಗಲಿಯಲ್ಲಿ ನಿಲ್ಲಿಸಿ, ನಾನು ಅಂಗಳ ದಾಟಿ ಗೇಟಿನ ಹತ್ತಿರ ಹೋಗಿ ನಿಂತೆ. ಇಗರ್ಜಿಯ ಕಡೆಯ ಬೆಂಚು ಅಷ್ಟೇ ದೂರ. ಓದು ಎಂದೆ. ಓದಿದಳು. ಆ ಸಾಲಿಗೆ ಬಂದಾಗ ಸ್ವರ ತಗ್ಗಿತು. ಕೇಳಲಿಲ್ಲ, ಪುನಃ ಓದು ಎಂದೆ. ಎರಡನೇ ಸಲವೂ ಅರ್ಧ ನುಂಗಿದಳು. ಮೂರನೇ ಸಲ ಮಧ್ಯಾಹ್ನ ಎನ್ನುವ ಶಬ್ದ ರಸ್ತೆಯ ತನಕ ಬಂತು. ಸಾಕು ಎಂದು ಹೇಳಿ ಕೋಳಿಗೂಡಿನ ಬಾಗಿಲು ತೆಗೆದೆ.