ಅತ್ತೆಯ ಮೂರನೆಯ ಕಾದಂಬರಿ

ತುಮಕೂರಿನ ನಮ್ಮ ಪತ್ರಿಕೆಯಲ್ಲಿ, ಕಾಯಿಲೆ ಬಿದ್ದ ಹಿರಿಯರ ನಿಧನ ವಾರ್ತೆಯನ್ನು ಅವರು ಬದುಕಿರುವಾಗಲೇ ಬರೆದು, ಅಚ್ಚಿನ ಮೊಳೆ ಜೋಡಿಸಿ, ದಾರ ಕಟ್ಟಿ ಇಡುವ ಪದ್ಧತಿ ಇತ್ತು. ದಿನ ಮತ್ತು ಹೊತ್ತಿಗೆ ಮಾತ್ರ ಜಾಗ ಬಿಡುತ್ತಿದ್ದೆವು. ಅಕ್ಷರಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸುವ ಅಚ್ಚುಮನೆ. ಸಂಜೆ ಸಾವಿನ ಸುದ್ದಿ ಬಂದರೆ ಹೊಸದಾಗಿ ಜೋಡಿಸಲು ಸಮಯ ಸಿಗುತ್ತಿರಲಿಲ್ಲ. ಇದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಗುಬ್ಬಿಯ ನನ್ನ ಸೋದರತ್ತೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ಸಂಪಾದಕರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನಿಮ್ಮ ಅತ್ತೇದು ನೀವೇ ಬರೆದುಬಿಡಿ. ಬೇರೆಯವರು ಬರೆದರೆ ಏನಾದರೂ ತಪ್ಪು ನುಸುಳುತ್ತೆ."

ಬರೆದೆ.

ಅತ್ತೆ ಮಿಡ್ಲ್ ಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಗಂಡ ಬೇಗ ತೀರಿಕೊಂಡಿದ್ದರಿಂದ ತಮ್ಮನ, ಅಂದರೆ ನನ್ನ ಚಿಕ್ಕಪ್ಪನ, ಮನೆಯಲ್ಲಿದ್ದರು. ಎಪ್ಪತ್ತರ ದಶಕದಲ್ಲಿ ಎರಡು ಕಾದಂಬರಿ ಬರೆದಿದ್ದರು. ಎರಡರಲ್ಲೂ ನಾಯಕಿ ಕೊನೆಯ ಪುಟದಲ್ಲಿ ಸಾಯುತ್ತಾಳೆ. ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಗಳಲ್ಲಿ ಅವು ರಟ್ಟು ಕಿತ್ತುಹೋಗುವಷ್ಟು ಓಡಾಡಿದವು. ಮೂರನೆಯದನ್ನು ಶುರುಮಾಡಿ ವರ್ಷಗಳೇ ಆಗಿದ್ದವು.

ಆ ಸಲ ಅತ್ತೆ ಚೇತರಿಸಿಕೊಂಡು ಮನೆಗೆ ಬಂದರು. ನೋಡಲು ಹೋದ ನಮ್ಮ ಗುಬ್ಬಿಯ ವರದಿಗಾರ, ಒಳ್ಳೆಯ ಸುದ್ದಿ ಹೇಳುವವನಂತೆ, "ನಿಮ್ದು ಆಫೀಸ್‌ನಾಗೆ ರೆಡಿ ಐತೆ ಮೇಡಂ, ಬಲೇ ಚೆನ್ನಾಗಿ ಬಂದೈತಂತೆ" ಎಂದು ಹೇಳಿಬಿಟ್ಟಿದ್ದ. ಮುಂದಿನ ಭಾನುವಾರ ನಾನು ಹೋಗಿ ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ ಶುರುಮಾಡಿದರು.

"ಏನ್ಲಾ, ನನ್ನ ಕಳಿಸಿಕೊಟ್ಟು ಕೈ ತೊಳ್ಕೊಂಡಿದೀಯಂತೆ?"

"ಅದು ಆಫೀಸಿನ ಪದ್ಧತಿ, ಅತ್ತೆ."

"ಇರ್ಲಿ. ಏನು ಬರ್ದಿದೀಯ, ಹೇಳು. ಬರೆದವನಿಗೆ ಬಾಯಿಗೆ ಬರಲ್ವೇ?"

ಹೇಳಿದೆ. 'ಸಾಹಿತ್ಯ ಸೇವೆ' ಎಂಬ ಮಾತಿಗೆ ಮೂಗು ಮುರಿದರು. 'ಎರಡು ಕಾದಂಬರಿಗಳನ್ನು ರಚಿಸಿದ್ದಾರೆ' ಎಂಬಲ್ಲಿ ಕೈ ಎತ್ತಿ ತಡೆದರು.

"ಮೂರು ಅಂತ ಮಾಡು."

"ಮೂರನೇದು ಮುಗ್ದಿಲ್ವಲ್ಲ."

"ಮುಗಿಯುತ್ತೆ."

"ಮುಗಿಸಿ, ಮಾಡ್ತೀನಿ."

"ಅಯ್ಯೋ ಇವನ ಖಡಕ್ಕೇ! ಸ್ವಂತ ಅತ್ತೆಗೆ ಒಂದು ಪುಸ್ತಕ ಜಾಸ್ತಿ ಹಾಕಕ್ಕೆ ಎಷ್ಟು ಸಂಕಟ ನೋಡೇ" ಎಂದು ಚಿಕ್ಕಮ್ಮನಿಗೆ ಕೂಗಿ ಹೇಳಿದರು. ಅಡುಗೆಮನೆಯಿಂದ ನಗು ಕೇಳಿಸಿತು. ಅತ್ತೆ ಮಾತ್ರ ನಗುತ್ತಿರಲಿಲ್ಲ. ಸಾಯುವ ಮೊದಲು ಆ ಪುಸ್ತಕ ಮುಗಿಯಬೇಕು ಎಂಬುದು ಅವರ ಮುಖದಲ್ಲಿ ಇತ್ತು.

ತೊಡಕು ಎಲ್ಲಿ ಎಂದು ಕೇಳಿದೆ. ಈ ಸಲದ ನಾಯಕಿ ವಯಸ್ಸಾದವಳು. ಕಥೆ ಅವಳ ಸಾವಿನ ಹತ್ತಿರ ಬಂದು ನಿಂತುಬಿಟ್ಟಿದೆ.

"ಎರಡು ಸಲ ಸಾಯಿಸಿದೆ. ಆಗ ಸಾವು ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ, ಸಲೀಸಾಗಿ ಬರ್ದೆ. ಈಗ ಕೈ ಓಡಲ್ಲ ಕಣೋ. ಸಾಯಿಸ್ದೆ ಇದ್ರೆ ಪುಸ್ತಕ ಹೆಂಗೆ ಮುಗಿಸೋದು ಅನ್ನೋದೂ ನಂಗೆ ಗೊತ್ತಿಲ್ಲ."

ಅದೇ ಹೊತ್ತಿಗೆ ಚಿಕ್ಕಪ್ಪ ಟೀವಿ ಕೊಂಡರು. ಬೀದಿಗೆ ಅದು ಎರಡನೆಯದು. ಗಾಳಿ ಬೀಸಿದಾಗಲೆಲ್ಲ ಆಂಟೆನಾ ತಿರುಗಿಕೊಳ್ಳುತ್ತಿತ್ತು. ಚಿಕ್ಕಪ್ಪ ಮಾಳಿಗೆ ಹತ್ತಿ "ಬಂತಾ?" ಎನ್ನುವುದು, ಕೆಳಗಿನಿಂದ ಹತ್ತು ಬಾಯಿ "ಬಂತು, ಹೋಯ್ತು, ಅಲ್ಲೇ ಬುಡಿ, ಅಲ್ಲೇ ಬುಡಿ!" ಎನ್ನುವುದು. ಟೀವಿ ಇಟ್ಟದ್ದು ನಡುಮನೆಯಲ್ಲಿ. ಅತ್ತೆಯ ಬರೆಯುವ ಮೇಜು ಇದ್ದದ್ದೂ ಅಲ್ಲೇ. ಮೇಜನ್ನು ಬೇರೆ ಕಡೆಗೆ ಸಾಗಿಸಲು ಅವರು ಒಪ್ಪಲಿಲ್ಲ. ಟೀವಿಗೆ ಬೆನ್ನು ಮಾಡಿ ಕೂತರು. ಆದರೆ ಎದುರು ಗೋಡೆಯ ದೇವರ ಪಟದ ಗಾಜಿನಲ್ಲಿ ಪರದೆ ಪೂರ್ತಿ ಕಾಣುತ್ತಿತ್ತು. ಅರ್ಥವಾಗದ ಹಿಂದಿಯ ಧಾರಾವಾಹಿಯನ್ನು ಅವರು ಪಟದೊಳಗೆ, ಎಡಬಲ ಅದಲುಬದಲಾಗಿ, ವಾರವಾರವೂ ನೋಡಿದರು. ಪೆನ್ನು ಕೈಯಲ್ಲೇ ಇರುತ್ತಿತ್ತು.

"ಇದರಲ್ಲಿ ಒಬ್ರೂ ಮುಗಿಯಲ್ಲ ನೋಡು" ಎಂದರು ಒಮ್ಮೆ. "ಅಳ್ತಾರೆ, ಬಾಗಿಲು ಹಾಕ್ಕೋತಾರೆ, ಮುಂದಿನ ವಾರ ಅದೇ ಸೀರೆ ಉಟ್ಕೊಂಡು ಬಂದು ಕಾಫಿ ಕುಡೀತಾರೆ. ಆ ಬರೆಯೋನು ಪುಣ್ಯವಂತ."

ನನಗೆ ನೆಮ್ಮದಿ ಇರಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಕೋಣೆ, ಅಲ್ಲಿಂದ ಸೈಕಲ್ಲಿನಲ್ಲಿ ಕಚೇರಿ. ಕಚೇರಿಯ ಫೋನು ಹೊಡೆದುಕೊಂಡರೆ ಗುಬ್ಬಿಯದೇ ಎಂದು ಎದ್ದು ನಿಲ್ಲುತ್ತಿದ್ದೆ. ಯಾವುದೋ ಸಭೆಯ ಸುದ್ದಿಯಾಗಿರುತ್ತಿತ್ತು. ಮೊಳೆ ಕಟ್ಟಿಟ್ಟ ಗೂಡಿನ ಮುಂದೆ ಹಾಯುವಾಗ ಅತ್ತೆಯ ಹೆಸರು ಕನ್ನಡಿಯಲ್ಲಿ ಕಾಣುವಂಥ ತಿರುಗುಮುರುಗು ಅಕ್ಷರದಲ್ಲಿ ಕಣ್ಣಿಗೆ ಬೀಳುತ್ತಿತ್ತು. ಗುಬ್ಬಿಗೆ ಹೋದರೆ, ಹೇಗಿದ್ದೀರಿ ಎಂದು ಕೇಳುವ ಮೊದಲು ಎಷ್ಟಾಯಿತು ಎಂದು ಕೇಳುತ್ತಿದ್ದೆ. ಆಗಿರುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಕೆರೆ ಏರಿಯ ದುರಸ್ತಿಯ ಬಗ್ಗೆ ಬರೆಯಲು ಕುಣಿಗಲ್‌ಗೆ ಹೋಗಿದ್ದೆ. ವಾಪಸ್ಸು ಬಸ್ಸಿಗೆ ಕಾಯುವಾಗ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಅತ್ತೆಯ ಎರಡನೆಯ ಕಾದಂಬರಿ ಓದುತ್ತಿದ್ದಳು. ಲೈಬ್ರರಿಯ ಚೀಟಿ ಅಂಟಿಸಿದ ಹಳೆಯ ಪ್ರತಿ. ಸುಮ್ಮನಿರಲಾಗಲಿಲ್ಲ. ಹೇಗಿದೆ ಎಂದು ಕೇಳಿದೆ.

"ಚೆನ್ನಾಗೈತೆ ಸಾರ್. ಎರಡ್ನೇ ಸಲ ಓದ್ತಿರೋದು."

"ಕೊನೆಗೆ ತುಂಬಾ ದುಃಖ, ಅಲ್ವಾ?"

"ಎಂಥ ದುಃಖ? ತವರಿಗೆ ವಾಪಸ್ ಬತ್ತಾಳೆ, ಬಾವಿ ಕಟ್ಟೆ ಮ್ಯಾಲೆ ಕೂತ್ಕೊಂಡು ತಲೆ ಬಾಚ್ಕೋತಾಳೆ. ಅಷ್ಟೇಯ. ನೀವು ಬ್ಯಾರೆ ಯಾವ್ದೋ ಓದಿರ್ಬೇಕು."

ಪುಸ್ತಕ ತೆಗೆದುಕೊಂಡು ನೋಡಿದೆ. ಕೊನೆಯ ಹಾಳೆ ಇರಲಿಲ್ಲ. ಬಾಡಿಗೆ ಪುಸ್ತಕಗಳಲ್ಲಿ ಮೊದಲು ಉದುರುವುದು ಅದೇ. ನಾಯಕಿ ಬಾವಿಗೆ ಬೀಳುವುದು ಆ ಹಾಳೆಯಲ್ಲಿತ್ತು. ಪುಸ್ತಕವನ್ನು ಹೆಂಗಸಿಗೆ ಹಾಗೇ ವಾಪಸ್ಸು ಕೊಟ್ಟೆ.

ಅತ್ತೆಗೆ ಹೇಳಿದೆ. ಅವರು ಕೆಮ್ಮು ಬರುವವರೆಗೂ ನಕ್ಕರು.

"ಹಂಗಾದ್ರೆ ಕುಣಿಗಲ್‌ನಲ್ಲಿ ಬದುಕವ್ಳೆ ಅನ್ನು! ಆ ಹಾಳೆ ಯಾರು ಕಿತ್ತರೋ, ನನಗಿಂತ ವಾಸಿ."

ಅದಾದ ಮೇಲೆ ಅವರು ಬರೆಯತೊಡಗಿದರು. ಆದರೆ ನನ್ನ ಚಡಪಡಿಕೆ ಕಡಿಮೆಯಾಗಲಿಲ್ಲ. ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದೆ.

"ಅವಳನ್ನ ಸಾಯಿಸಲ್ಲ. ಅಷ್ಟು ಗೊತ್ತು."

"ಮುಗೀತು ಅಂತ ಗೊತ್ತಾಗೋದು ಹೇಗೆ ಮತ್ತೆ?"

"ತಲೆ ತಿನ್ಬೇಡ. ಹೋಗಿ ನಿನ್ನ ಕೊಬ್ಬರಿ ಧಾರಣೆ ಪಟ್ಟಿ ಬರ್ಕೋ."

ಕಾರ್ತಿಕದ ಒಂದು ಮಧ್ಯಾಹ್ನ ಫೋನು ಬಂತು. ಈ ಸಲ ಚಿಕ್ಕಪ್ಪನದೇ. ಊಟಕ್ಕೆ ಕರೆದಾಗ ಅತ್ತೆ ಏಳಲಿಲ್ಲವಂತೆ. ಸಿಕ್ಕಿದ ಬಸ್ಸು ಹತ್ತಿದೆ. ನಡುಮನೆಯಲ್ಲಿ ಅವರನ್ನು ಮಲಗಿಸಿದ್ದರು. ಟೀವಿಯ ಮೇಲೆ ಯಾರೋ ಬೆಡ್‌ಶೀಟು ಹೊದೆಸಿದ್ದರು. ಕೈ ಮುಗಿದು, ಅವರ ಮೇಜಿನ ಹತ್ತಿರ ಹೋಗಿ ಕೊನೆಯ ಹಾಳೆಗಳನ್ನು ನಿಂತೇ ಓದಿದೆ. ಮುದುಕಿ ಒಲೆಯ ಮೇಲೆ ಅನ್ನಕ್ಕೆ ಇಟ್ಟು, ಪಕ್ಕದ ಮನೆಗೆ ಕರಿಬೇವು ಕೇಳಲು ಹೋಗುತ್ತಾಳೆ. ಗೇಟಿನ ಬಳಿ ಆ ಮನೆಯವಳ ಜೊತೆ ಮಾತಿಗೆ ನಿಲ್ಲುತ್ತಾಳೆ. ವಾಕ್ಯ ಪೂರ್ಣವಾಗಿತ್ತು. ಕೆಳಗೆ ಅರ್ಧ ಹಾಳೆ ಖಾಲಿ. ಪೆನ್ನಿನ ಮುಚ್ಚಳ ಹಾಕಿತ್ತು. ಅತ್ತೆ ಅಲ್ಲಿಗೆ ಮುಗಿಸಿದ್ದರೋ, ನಾಳೆ ಮುಂದುವರಿಸಲು ಬಿಟ್ಟಿದ್ದರೋ ಹೇಳುವಂತಿರಲಿಲ್ಲ. ಮತ್ತೆ ಓದಿದೆ. ಮೊದಲ ಸಲ ಮುಗಿದಂತೆ ಕಂಡದ್ದು ಎರಡನೆಯ ಸಲ ಮುಗಿದಿಲ್ಲವೆನಿಸಿತು. ಚಿಕ್ಕಮ್ಮನನ್ನು ಕೇಳುವ ಹೊತ್ತಾಗಿರಲಿಲ್ಲ ಅದು.

ಸಂಸ್ಕಾರ ಮುಗಿಸಿ ಚಿಕ್ಕಪ್ಪನ ಪರಿಚಯದ ಅಂಗಡಿಯಿಂದ ಕಚೇರಿಗೆ ಫೋನು ಮಾಡಿದೆ. ಸಂಪಾದಕರು ತೆಗೆದುಕೊಂಡು ಎರಡು ಸಮಾಧಾನದ ಮಾತು ಹೇಳಿದರು. ಆಮೇಲೆ ಕೆಲಸಕ್ಕೆ ಬಂದರು.

"ಹೊತ್ತು ಹೇಳಿ. ಬೇರೆ ಏನಾದರೂ ಬದಲಾವಣೆ ಇದೆಯಾ?"

"ಎರಡು ಕಾದಂಬರಿ ಅಂತ ಇರೋದನ್ನ ಮೂರು ಮಾಡಿ."

"ಮುಗಿಸಿದ್ರಾ ಹಾಗಾದ್ರೆ?"

"ಮುಗಿಸಿದ್ರು."

ವಿಚಾರಿಸಿ ಖಚಿತ ಮಾಡಿಕೊಳ್ಳದ ಸಂಗತಿಯನ್ನು ಪತ್ರಿಕೆಗೆ ನಾನು ಕೊಟ್ಟದ್ದು ಅದೊಂದೇ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು.

"ಮೂರು ಅಂತ ಹಾಕ್ಸಿದೀಯಲ್ಲೋ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ, ಇನ್ನೂ ಮುಗೀಲಿಲ್ಲ ಕಣೇ ಅಂತಿದ್ರು ಅತ್ತಿಗೆ."

"ಅವರೇ ಅಂದ್ರಾ?"

"ಹೂಂ." ಚಿಕ್ಕಮ್ಮ ಪತ್ರಿಕೆ ಮಡಿಸಿದರು. "ಮೊದಲೆರಡಕ್ಕೂ ಹಂಗೇ ಅಂತಿದ್ರಪ್ಪ. ಅಚ್ಚಾಗಿ ಮನೆಗೆ ಬಂದ್ಮೇಲೂ, ಇನ್ನೂ ಮುಗ್ದಿಲ್ಲ ಅಂತ ಆ ಪುಸ್ತಕದ ಮೇಲೇ ಪೆನ್ನು ಇಟ್ಕೊಂಡು ತಿದ್ತಾ ಕೂರೋರು. ನೀನು ಎಷ್ಟು ಅಂತ ಹಾಕಿದ್ರೂ ಬೈಸ್ಕೋತಿದ್ದೆ ಬಿಡು."

ಸಂಜೆ ಕಚೇರಿಗೆ ಹೋದೆ. ತಿದ್ದುಪಡಿಗೆ ಒಂದು ಸಾಲು ಬರೆಯಲು ಕೂತೆ. ಎರಡು ಎಂದು ಬರೆದು ಹೊಡೆದುಹಾಕಿದೆ. ಚಿಕ್ಕಮ್ಮ ಹೇಳಿದ ಲೆಕ್ಕದಲ್ಲಿ ಒಂದೂ ಮುಗಿದಿರಲಿಲ್ಲ, ಅದೂ ತಪ್ಪು. ಸಂಪಾದಕರು ಕೊನೆಯ ಪುಟಕ್ಕೆ ಏನಿದೆ ಎಂದು ಕೇಳಿದಾಗ, ಗುಬ್ಬಿಯ ವರದಿಗಾರ ಕಳಿಸಿದ್ದ ಕೊಬ್ಬರಿ ಧಾರಣೆಯನ್ನು ಕೊಟ್ಟೆ.