ಅರಿಶಿನ ಸವರಿದ ಕರೆಂಟ್ ಮೀನು

ಕುಮಟೆಯ ಹೈಸ್ಕೂಲಿನಲ್ಲಿ ಬಯಾಲಜಿ ಕಲಿಸುತ್ತಿದ್ದಷ್ಟು ಕಾಲವೂ ನಾನು ಬೋರ್ಡಿನ ಮೇಲೆ ಇಲೆಕ್ಟ್ರಿಕ್ ಈಲ್ ಚಿತ್ರ ಬರೆದಿದ್ದೇನೆ. ಹಾವಿನಂಥ ಮೈ, ಚುಕ್ಕಿಯಂಥ ಕಣ್ಣು, ಹೊಟ್ಟೆಯಡಿ ಉದ್ದಕ್ಕೂ ಒಂದು ಈಜುರೆಕ್ಕೆ. ಹೊನ್ನಾವರದ ಕಾನ್ವೆಂಟಿನಲ್ಲಿ ನನಗೆ ಕಲಿಸಿದ ಸಿಸ್ಟರ್ ಬರೆದು ತೋರಿಸಿದ್ದನ್ನೇ ನಾನೂ ಬರೆಯುತ್ತಿದ್ದೆ. ಅವರೂ ಆ ಮೀನನ್ನು ಕಂಡವರಲ್ಲ. ದಕ್ಷಿಣ ಅಮೆರಿಕದ ಹೊಳೆಗಳ ಜೀವಿ. ಹೊನ್ನಾವರದಲ್ಲಿ ಕೂತವರಿಗೆ ಎಲ್ಲಿಂದ ಕಾಣಬೇಕು?

ಕಂಡದ್ದು ನನ್ನ ತಂಗಿಯ ಮಗಳು. ಅವಳ ರಿಸರ್ಚೇ ಅದರ ಮೇಲೆ. ಹೋದ ವರ್ಷ ಮೇ ತಿಂಗಳ ಕೊನೆಗೆ ಒಂದು ಸೂಟ್‌ಕೇಸ್ ತುಂಬ ವೈರು, ಮೀಟರು ಹೊತ್ತುಕೊಂಡು ನನ್ನ ಮನೆಗೆ ಬಂದಿಳಿದಳು.

"ಮಾವಶಿ, ಅದು ಈಲ್ ಅಲ್ಲವೇ ಅಲ್ಲ. ಕ್ಯಾಟ್‌ಫಿಶ್‌ಗೆ ಹತ್ತಿರದ್ದು" ಎಂದಳು, ಚಹಾ ಕುಡಿಯುವ ಮೊದಲೇ.

"ಹಾಗಾದರೆ ನಾನು ಇಷ್ಟು ವರ್ಷ ಕಲಿಸಿದ್ದು?"

"ಡ್ರಾಯಿಂಗ್ ಮಾತ್ರ ಫಸ್ಟ್ ಕ್ಲಾಸ್."

ಈಲ್‌ನ ಮೈಯಲ್ಲಿ ಹೆಚ್ಚಿನ ಪಾಲು ಕರೆಂಟು ಹುಟ್ಟಿಸುವ ಅಂಗಗಳೇ ಅಂತೆ. ಟಾರ್ಚಿನಲ್ಲಿ ಸೆಲ್ ಒಂದರ ಹಿಂದೆ ಒಂದು ಕೂರಿಸಿದ ಹಾಗೆ ಜೀವಕೋಶಗಳ ಸಾಲು. ಸಿಹಿನೀರಿನಲ್ಲಿ ಕರೆಂಟು ಸುಲಭಕ್ಕೆ ಹರಿಯುವುದಿಲ್ಲ, ಅದಕ್ಕೆ ಅಷ್ಟು ವೋಲ್ಟೇಜು ಬೇಕು. ಉಪ್ಪುನೀರಿನಲ್ಲಿ ಕಡಿಮೆ ಸಾಕು. ಇದನ್ನು ಹೋಲಿಸಿ ತೋರಿಸಲು ಅವಳಿಗೆ ಒಂದು ಸಮುದ್ರದ ಮೀನು ಬೇಕಿತ್ತು: ತೊರಕೆಯ ಜಾತಿಯದೇ, ತಟ್ಟೆಯಂಥ ಮೈಯ ಇಲೆಕ್ಟ್ರಿಕ್ ರೇ. ನಮ್ಮ ಕಡಲಿನಲ್ಲೇ ಇದೆ. ಈಲ್‌ನ ಕೆಲಸ ಮುಗಿದಿತ್ತು, ಇದೊಂದು ರೆಕಾರ್ಡಿಂಗ್ ಬಾಕಿ. ಜೂನ್ ಬಂತೆಂದರೆ ದೊಡ್ಡ ದೋಣಿಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ. ಸಿಗದಿದ್ದರೆ ಅವಳ ಒಂದು ವರ್ಷ ಹೋದ ಹಾಗೆ.

ನಮ್ಮ ಮನೆಗೆ ಮೀನು ತರುವವಳ ಗಂಡ ಟ್ರಾಲ್ ದೋಣಿಯಲ್ಲಿ ಹೋಗುತ್ತಾನೆ. ಅವಳನ್ನು ಕೇಳಿದೆವು.

"ಕರೆಂಟ್ ಮೀನಾ? ಬಲೆಗೆ ಬೀಳ್ತದ್ರಾ. ಮುಟ್ಟಿದ್ರೆ ಕೈ ಜೋಮು ಹಿಡೀತದೆ. ಅದ್ನ ತಕಂಡು ಎಂತ ಮಾಡ್ತ್ರಿ ಅಕ್ಕೋರೇ?"

"ಇವಳಿಗೆ ಬೇಕು. ಸಿಕ್ಕರೆ ಬೇರೆ ಎಲ್ಲಿಯೂ ಕೊಡಬೇಡ, ಹಾಳಾಗದ ಹಾಗೆ ತಾ."

"ಆತು."

ಮೂರನೆಯ ದಿನ ಬಾಗಿಲಲ್ಲೇ ಕೂಗಿದಳು, "ಸಿಕ್ತ್ರೋ, ಸಿಕ್ತು!" ತಂಗಿಯ ಮಗಳು ಬರಿಗಾಲಲ್ಲೇ ಓಡಿದಳು. ಬುಟ್ಟಿಯಲ್ಲಿ ಬಾಳೆಲೆ, ಬಾಳೆಲೆಯೊಳಗೆ ಮೀನು: ಚರ್ಮ ಸುಲಿದು, ಹೋಳು ಮಾಡಿ, ಉಪ್ಪು ಅರಿಶಿನ ಸವರಿದ್ದು.

ಇದಕ್ಕೆ ಹಿನ್ನೆಲೆಯಿದೆ. ನನಗೆ ಪೇಸ್‌ಮೇಕರ್ ಹಾಕಿದಾಗ ಕೆಲವು ವಾರ ಎಡಗೈ ಎತ್ತಬಾರದು ಎಂದಿದ್ದರು ಡಾಕ್ಟರು. ಆಗಿನಿಂದ ಮೀನಿನವಳು ಮೀನನ್ನು ಮನೆಯಲ್ಲೇ ಮೆಟ್ಟುಗತ್ತಿಯಲ್ಲಿ ಕೊಯ್ದು, ಅರಿಶಿನ ಹಚ್ಚಿಯೇ ತರುತ್ತಾಳೆ. ಕೈ ಎಂದೋ ಸರಿಯಾಯಿತು, ಅವಳ ರೂಢಿ ತಪ್ಪಲಿಲ್ಲ. ಹಾಳಾಗದ ಹಾಗೆ ತಾ ಅಂದರೆ ಅವಳ ಲೆಕ್ಕದಲ್ಲಿ ಅದೇ. ಜೀವಂತ ಬೇಕು ಎಂದು ಹೇಳಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ತಲೆಯ ಎರಡೂ ಬದಿಗೆ ಮೆತ್ತಗೆ ಇತ್ತಲ್ಲ, ಅದೆಲ್ಲಿ?" ತಂಗಿಯ ಮಗಳು ಹೋಳುಗಳನ್ನು ತಿರುವಿ ತಿರುವಿ ನೋಡಿದಳು.

"ಆ ಲೋಳೆಯಾ? ಬೆಕ್ಕಿಗೆ ಹಾಕ್ದೆ. ಅದೂ ಮೂಸಿ ಬಿಟ್ಟು ಹೋತು."

ಆ ಲೋಳೆಯೇ ಇಲೆಕ್ಟ್ರಿಕ್ ಆರ್ಗನ್. ನಾನು ತಡೆಯಲಾರದೆ ನಕ್ಕುಬಿಟ್ಟೆ. ತಂಗಿಯ ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿಷಯ ತಿಳಿದ ಮೇಲೆ ಮೀನಿನವಳು ನಗಲಿಲ್ಲ. "ಜೀವದ್ದು ಬೇಕಂತ ಹೇಳೂದಲ್ರಾ! ಅದು ಬಲೇಲಿ ಕಂಡ ಕೂಡ್ಲೆ ಕೋಲಲ್ಲಿ ಹೊಡದೇ ಎತ್ತೂದು. ನಾ ನಮ್ಮನೆಯವ್ರಿಗೆ ಹೇಳ್ತೆ."

ದಿನಗಳು ಉಳಿದದ್ದು ಕೆಲವೇ. ಗಾಳಿ ಜೋರಾಯಿತು, ಎರಡು ದಿನ ದೋಣಿ ಹೊರಡಲೇ ಇಲ್ಲ. ತಂಗಿಯ ಮಗಳು ವೈರುಗಳನ್ನು ಬಿಡಿಸುವುದು, ಸುತ್ತುವುದು. ಊಟ ಸೇರುತ್ತಿರಲಿಲ್ಲ.

ಕೊನೆಯ ದೋಣಿಗಳು ಬಂದ ದಿನ ಮಧ್ಯಾಹ್ನ ಅಂಗಳಕ್ಕೆ ಆಟೋ ಬಂತು. ಕಾಲ ಮೇಲೆ ಮುಚ್ಚಿದ ಬಕೆಟ್ ಇಟ್ಟುಕೊಂಡು ಮೀನಿನವಳು ಕೂತಿದ್ದಳು, ಸೀರೆಯೆಲ್ಲ ಒದ್ದೆ. "ಕಡಲ ನೀರೇ ತುಂಬ್ಸಿದ್ದು. ಹೊಡೀದೆ ಎತ್ತಲಿಕ್ಕೆ ಹೋಗಿ ನಮ್ಮನೆಯವ್ರು ಜೋಮು ಹಿಡ್ದು ಎರಡು ಸಲ ಕೂತ್ಕಂಡ್ರು."

ನೀರಿನ ಸಮೇತ ಟಬ್ಬಿಗೆ ಸುರಿದೆವು. ಅದರೊಳಗೆ ಕಂದು ಚುಕ್ಕೆಯ ತಟ್ಟೆಯೊಂದು ನಿಧಾನ ಉಸಿರಾಡುತ್ತಿತ್ತು. ತಂಗಿಯ ಮಗಳು ವೈರು ಇಳಿಬಿಟ್ಟು ಮೀನಿನ ಬೆನ್ನನ್ನು ಗಾಜಿನ ಕಡ್ಡಿಯಿಂದ ಸವರಿದಾಗ ಸ್ಪೀಕರಿನಲ್ಲಿ ಪಟಪಟ ಸದ್ದು, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಲ್ಯಾಪ್‌ಟಾಪಿನ ಮೇಲೆ ಗೆರೆ ಎದ್ದು ಎದ್ದು ಬಿತ್ತು. "ಬಂತು ಮಾವಶಿ, ಬಂತು!"

ನನ್ನ ಕೈ ತಾನಾಗಿ ಟಬ್ಬಿನ ಅಂಚಿಗೆ ಹೋಗಿತ್ತು.

"ನೋ! ಪೇಸ್‌ಮೇಕರ್!"

ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಕರೆಂಟು ಒಂದು ಗೇಣು ದೂರದಲ್ಲಿತ್ತು. ಒಂದು ಬೆರಳಷ್ಟೇ ಅದ್ದಬೇಕೆಂದು ಬಹಳ ಅನ್ನಿಸಿತು. ಕೈ ಹಿಂದೆಗೆದು ಮಡಿಲಲ್ಲಿಟ್ಟುಕೊಂಡೆ. ಮೀನಿನವಳು ನನ್ನ ಮುಖ ನೋಡಿದಳು, ಬಳೆ ಮೇಲೆ ಸರಿಸಿ ತನ್ನ ಕೈ ಅದ್ದಿದಳು, ಹಾ ಎಂದು ಕಿತ್ತುಕೊಂಡಳು.

"ಎಂತ ಆತೇ?"

"ಮೊಣಕೈ ಗೋಡೆಗೆ ತಾಗಿದ್ರೆ ಆತದಲ್ರಾ ಅಕ್ಕೋರೇ, ಹಾಂಗೆ. ಆದ್ರೆ ಒಳಗಿಂದ."

ಸಿಸ್ಟರ್ ಆಗಲಿ ಪಠ್ಯಪುಸ್ತಕವಾಗಲಿ ಹಾಗೆ ಹೇಳಿರಲಿಲ್ಲ.

ಸಂಜೆಯೊಳಗೆ ಅದೇ ಬಕೆಟ್ಟಿನಲ್ಲಿ ಮೀನನ್ನು ಕಡಲಿಗೆ ಬಿಟ್ಟುಬಂದರು. ತಂಗಿಯ ಮಗಳು ಆ ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಮೀನಿನವಳು ಮೀನು ಕೊಯ್ದು ತರುವುದನ್ನು ಬಿಟ್ಟಿಲ್ಲ, ಆದರೆ ಹೋಗುವಾಗ ಮೆಟ್ಟಿಲಿನ ಮೇಲೆ ನಿಂತು ಕೇಳುತ್ತಾಳೆ:

"ಅಕ್ಕೋರೇ, ನಾಳೆಗೆ ಅರಿಶಿನದ್ದೋ, ಜೀವದ್ದೋ?"